ಅವ್ವನ ಅಡುಗೆಗೆ ಕೈಯಾರೆ ಚಿತ್ರ ಬರೆದು ಪುಟ್ಟ ಪುಸ್ತಕ ಮಾಡ್ಬೇಕು, ದಾರಿ ಹೇಳಿ

ಮಧುಗಿರಿ ಮಗಳು:

ಎಲ್ಲರಿಗೂ ನಮಸ್ಕಾರ. ನಾನಿರೋದು ತುಮಕೂರಲ್ಲಿ, ತವರು ಮಧುಗಿರಿ ಹತ್ರ ಒಂದು ಹಳ್ಳಿ. ನಮ್ಮವ್ವನಿಗೆ ಈಗ 74. ನಾವು ನಾಲ್ಕು ಜನ ಅಕ್ಕತಂಗಿಯರು, ಚಿಕ್ಕಪ್ಪನ ಮಕ್ಕಳಿಬ್ಬರು, ಎಲ್ಲಾ ಅವ್ವನ ಕೈಯೂಟ ಉಂಡೇ ಬೆಳೆದೋರು. ಈಗ ಒಬ್ಬೊಬ್ಬರು ಒಂದೊಂದು ಊರು. ವಾರಕ್ಕೊಂದ್ಸಲ ಯಾರಾದ್ರೂ ಫೋನ್ ಮಾಡಿ "ಅವ್ವ, ಬಸ್ಸಾರಿಗೆ ಮೆಣಸು ಎಷ್ಟು ಹಾಕ್ತಿದ್ದೆ?" ಅಂತ ಕೇಳ್ತಾರೆ. "ಒಂದೀಟು ಹಾಕವ್ವ, ನೋಡ್ಕೊಂಡು ಹಾಕು" ಅಂತಾಳೆ. ಆ ಒಂದೀಟು ಎಷ್ಟು ಅನ್ನೋದು ಅವಳ ಬೆರಳಿಗೆ ಮಾತ್ರ ಗೊತ್ತು.

ಸಂಕ್ರಾಂತಿಗೆ ಎಲ್ಲರೂ ಊರಿಗೆ ಬರ್ತಾರೆ. ಅಷ್ಟೊತ್ತಿಗೆ ಒಬ್ಬೊಬ್ಬರ ಕೈಗೂ ಒಂದೊಂದು ಪುಸ್ತಕ ಇಡ್ಬೇಕು ಅಂತ ನನ್ನಾಸೆ. ಅತ್ತಿಗೆಗೊಂದು, ಅವ್ವನಿಗೇ ಒಂದು ಸೇರಿಸಿದ್ರೆ 8 ಪ್ರತಿ. ಅಡುಗೆ 12 ಆರಿಸಿದ್ದೀನಿ: ಹಿಟ್ಟು (ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು), ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಹಿತಕಿದ ಬೇಳೆ ಸಾರು, ಹುರುಳಿಕಾಳು ಸಾರು, ಒಬ್ಬಟ್ಟಿನ ಸಾರು, ಹುಚ್ಚೆಳ್ಳು ಚಟ್ನಿ, ಕಡ್ಲೆಕಾಯಿ ಚಟ್ನಿ, ಹುಣಸೆ ತೊಕ್ಕು, ತಂಬಿಟ್ಟು, ಕಜ್ಜಾಯ.

ಒಂದ್ಸಲ ಮಾಡಿ ನೋಡಿದೆ, ಕೆಟ್ಟೋಯ್ತು. ಜೆಲ್ ಪೆನ್ನಲ್ಲಿ ಬರೆದು ಅದರ ಮೇಲೆ ನೀರುಬಣ್ಣ ಹಚ್ಚಿದೆ, ಗೆರೆಯೆಲ್ಲಾ ಕರಗಿ ಹರಿದುಹೋಯ್ತು. ಪೆನ್ಸಿಲ್ಲಲ್ಲಿ ಬರೆದಿದ್ದನ್ನ ಇಲ್ಲಿನ ಒಂದು ಝೆರಾಕ್ಸ್ ಅಂಗಡೀಲಿ ಕೊಟ್ರೆ ತೆಳು ಗೆರೆ ಒಂದೂ ಮೂಡಲಿಲ್ಲ, ಮೇಲಾಗಿ ಪುಟ ಹಿಂದುಮುಂದು. ಬಸ್ಸಾರಿನ ಸಾಮಾನು ಒಂದು ಕಡೆ, ಮಾಡೋ ಬಗೆ ಕಜ್ಜಾಯದ ಎದುರಿಗೆ. ಎರಡು ವಾರದ ಕೆಲಸ. ಆ ರಾತ್ರಿ ತುಂಬಾ ಬೇಜಾರಾಗಿತ್ತು.

ನನಗೆ ಗೊತ್ತಾಗ್ಬೇಕಿರೋದು ಕಾಗದ ಯಾವುದು, ಪೆನ್ನು ಯಾವುದು, ಮನೇಲೇ ಹೊಲಿಯೋದು ಹೇಗೆ ಅನ್ನೋದು. ಅವ್ವನ ಅಳತೇನ ಹೇಗೆ ಬರೀಲಿ ಅನ್ನೋದೂ ತಿಳೀತಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಚಿತ್ರದ್ದೇ. ಬಟ್ಟಲಲ್ಲಿ ಹಾಕಿ ಬರೆದ್ರೆ ಬಸ್ಸಾರು, ಹುರುಳಿಕಾಳು ಸಾರು, ಒಬ್ಬಟ್ಟಿನ ಸಾರು ಮೂರೂ ಒಂದೇ ಥರ ಕಾಣ್ತವೆ. ಅರಿಶಿನ, ಬೀಟ್‌ರೂಟ್ ರಸದಲ್ಲೇ ಬಣ್ಣ ಹಚ್ಚಿದ್ರೆ ಚೆನ್ನಾಗಿರುತ್ತಾ?

ತಿಪಟೂರು ಕೊಬ್ಬರಿ:

ಮೊಬೈಲಲ್ಲಿ ಫೋಟೋ ತೆಗೆದು ಫೋಟೋ ಆಲ್ಬಂ ಥರ ಮಾಡಿಸಿಬಿಡಿ, ಒಂದೇ ವಾರದ ಕೆಲಸ. ಕೈಯಲ್ಲೇ ಮಾಡ್ತೀನಿ ಅಂದ್ರೆ ಹೊಲಿಗೆ ಬಿಟ್ಟು ಸ್ಪೈರಲ್ ಹಾಕಿಸಿ. ಒಲೆ ಪಕ್ಕ ಇಟ್ರೆ ತಾನಾಗಿ ಮುಚ್ಚಿಕೊಳ್ಳಲ್ಲ. ನಮ್ಮತ್ತೆಗೆ ಹಾಗೇ ಮಾಡಿಕೊಟ್ಟಿದ್ದೆ, ಮೂರು ವರ್ಷದಿಂದ ಅಡುಗೆಮನೇಲೇ ಇದೆ.

ಚಿಂತಾಮಣಿ ಬೆರಕೆಸೊಪ್ಪು:

ತಾಯಿ, ಬಟ್ಟಲಿನ ಚಿತ್ರ ಬಿಟ್ಟುಬಿಡಿ. ಬಡಿಸಿಟ್ಟ ಸಾರು ಹೇಗಿರುತ್ತೆ ಅಂತ ನಿಮ್ಮ ಅಕ್ಕತಂಗಿಯರಿಗೆ ಗೊತ್ತೇ ಇದೆ, ಅದನ್ನ ತಿಂದೇ ಬೆಳೆದೋರು. ನಿಮ್ಮವ್ವ ಎಲ್ಲೆಲ್ಲಿ "ನೋಡ್ಕೊಂಡು ಹಾಕು", "ನೋಡ್ಕೊಂಡು ಇಳಿಸು" ಅಂತಾರೋ, ಅಲ್ಲಲ್ಲಿ ಒಂದು ಚಿತ್ರ ಬೇಕು ಅಂತ ಅರ್ಥ. ಅವರ ಪಕ್ಕ ಕೂತು ಆ ಮಾತು ಬಂದ ಕೂಡಲೇ ಒಂದು ಗುರುತು ಹಾಕ್ಕೊಳ್ಳಿ. 12 ಅಡುಗೆಗೆ ಸುಮಾರು 30 ಗುರುತು ಸಿಗ್ತವೆ. ಅವೇ ನಿಮ್ಮ ಚಿತ್ರಗಳು.

ಹಿತಕಿದ ಬೇಳೇನೇ ತಗೊಳ್ಳಿ. ರಾತ್ರಿಯೆಲ್ಲಾ ನೆನೆದ ಅವರೆಕಾಳನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ತುದಿ ಒತ್ತಿದ್ರೆ ಇನ್ನೊಂದು ತುದಿಯಿಂದ ಬೇಳೆ ಜಾರಿಕೊಂಡು ಬರುತ್ತೆ. ಇದನ್ನ ನಾಲ್ಕು ಸಾಲಲ್ಲಿ ಬರೆದ್ರೂ ಮಾಡದೇ ಇರೋರಿಗೆ ಅರ್ಥ ಆಗಲ್ಲ. ಎರಡು ಬೆರಳು, ಒಂದು ಕಾಳು, ಅರ್ಧ ಹೊರಗೆ ಬಂದ ಬೇಳೆ, ಪಕ್ಕದಲ್ಲಿ ಸುಕ್ಕಾದ ಖಾಲಿ ಸಿಪ್ಪೆ. ಅಷ್ಟು ಬರೆದ್ರೆ ಸಾಕು. ಹಿಟ್ಟಿಗಾದ್ರೆ ಎಸರಿನ ನಡುವೆ ರಾಗಿಹಿಟ್ಟು ಗುಡ್ಡೆಯಾಗಿ ನಿಂತು ಸುತ್ತ ಗುಳ್ಳೆ ಏಳ್ತಿರುತ್ತಲ್ಲ, ಆಗ ಕೈಯಾಡಿಸದೆ ಬೇಯಕ್ಕೆ ಬಿಡ್ಬೇಕು. ಆ ಗಳಿಗೇನ ಒಂದು ಚಿತ್ರ ಮಾಡಿ. ಕವೆಗೋಲಲ್ಲಿ ಪಾತ್ರೆ ಅದುಮಿ ಹಿಡಿದು ಹಿಟ್ಟಿನಕೋಲಲ್ಲಿ ತೊಳಸೋದು ಇನ್ನೊಂದು. ಇವತ್ತಿನ ಮಕ್ಕಳಲ್ಲಿ ಎಷ್ಟೋ ಜನ ಕವೆಗೋಲೇ ನೋಡಿಲ್ಲ. ಸಾರುಗಳಿಗೆ ರುಬ್ಬಿದ ಖಾರ ಬರೀರಿ. ಯಾವುದು ತರಿತರಿ, ಯಾವುದು ನುಣ್ಣಗೆ ಅನ್ನೋದು ಬೆರಳ ತುದೀಲಿ ಅಂಟಿದ ಹಾಗೆ ತೋರಿಸಿದ್ರೆ ಒಂದಕ್ಕೊಂದು ಬೇರೆಯಾಗಿ ಕಾಣ್ತವೆ.

ನಾನು ಇದನ್ನ ಕಲಿತಿದ್ದು ನಮ್ಮಮ್ಮನ ಬೆರಕೆ ಸೊಪ್ಪಿನ ಪುಸ್ತಕ ಮಾಡುವಾಗ. ಮಳೆ ಬಿದ್ದು ಹತ್ತು ದಿನಕ್ಕೆ ಹೊಲದ ಬದೂಲಿ ಹದಿನೈದು ಥರ ಸೊಪ್ಪು ಕಿತ್ತು ತರೋರು. ಹೆಸರು ಬರ್ಕೊಂಡೆ, ಆದ್ರೆ ಅವರು ಹೋದ ಮೇಲೆ ಹೊಲಕ್ಕೆ ಹೋದ್ರೆ ಯಾವುದು ಯಾವುದು ಅಂತ ಗುರುತೇ ಸಿಗಲಿಲ್ಲ. ಆಮೇಲೆ ಚಿಕ್ಕಮ್ಮನ್ನ ಕರ್ಕೊಂಡು ಹೋಗಿ ಒಂದೊಂದೇ ಎಲೆ ತಂದು ಕೂತು ಬರೆದೆ. ಕನ್ನೆ ಸೊಪ್ಪಿನ ನೀಲಿ ಹೂವು ಬೆಳಿಗ್ಗೆ ಬಿರಿದು ಮಧ್ಯಾಹ್ನಕ್ಕೆ ಮುದುಡಿಬಿಡುತ್ತೆ, ಅದಕ್ಕೇ ಹೊಲದಲ್ಲೇ ಕೂತು ಬರೀಬೇಕಾಯ್ತು. ಹೊನಗೊನ್ನೆಗೆ ಎಲೆ ಎದುರುಬದುರು, ಎಲೆಯ ಬುಡದಲ್ಲಿ ಬಿಳೀ ಹೂವಿನ ಗೊಂಚಲು. ಗೋಣಿ ಸೊಪ್ಪಿನ ಎಲೆ ದಪ್ಪ, ದಂಟು ಕೆಂಪು. ಅಣ್ಣೆ ಸೊಪ್ಪು ಎಳೇದಾಗಿದ್ದಾಗ ಕೀಳ್ತೀವಿ, ಆದ್ರೆ ಅದನ್ನ ಗುರುತು ಹಿಡಿಯೋದು ಬಲಿತ ಮೇಲೆ ಬರೋ ಗುಲಾಬಿ ತೆನೆಯಿಂದ, ಅದಕ್ಕೆ ಎರಡನ್ನೂ ಬರೆದೆ. ಅಮ್ಮ ಮನೇಲಿ ತೆಲುಗು ಮಾತಾಡೋರು, ಹೊನಗೊನ್ನೆಗೆ ಪೊನ್ನಗಂಟಿ, ಗಣಿಕೆಗೆ ಕಾಮಂಚಿ ಅನ್ನೋರು. ಅವನ್ನೂ ಕನ್ನಡ ಅಕ್ಷರದಲ್ಲೇ ಕೆಳಗೆ ಬರೆದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದ್ರೂ ಅಮ್ಮ ಕೊನೇವರೆಗೂ ವಿಳಾಸದಲ್ಲಿ ಕೋಲಾರ ಜಿಲ್ಲೆ ಅಂತಲೇ ಬರೀತಿದ್ರು. ಮೊದಲ ಪುಟದಲ್ಲಿ ಊರಿನ ಹೆಸರಿನ ಕೆಳಗೆ ಅದನ್ನೂ ಹಾಗೇ ಉಳಿಸಿದೀನಿ.

ಚಿತ್ರ ಬರೋದಿಲ್ಲ ಅಂತ ಹಿಂಜರಿಕೆ ಇದ್ರೆ ಎಲೆಯ ಅಚ್ಚು ಒತ್ತಿ. ಎಲೆಯ ಹಿಂಭಾಗಕ್ಕೆ, ನರ ಉಬ್ಬಿರೋ ಕಡೆಗೆ, ಬಣ್ಣ ಗಟ್ಟಿಯಾಗಿ ಬಳಿದು ಕಾಗದದ ಮೇಲಿಟ್ಟು ಮೇಲೊಂದು ಹಾಳೆ ಹಾಕಿ ಬೆರಳಲ್ಲಿ ಒತ್ತಿದ್ರೆ ನರನರವೂ ಮೂಡುತ್ತೆ. ಮಸ್ಸೊಪ್ಪಿನ ಪುಟಕ್ಕೆ ಚೆನ್ನಾಗಿ ಒಪ್ಪುತ್ತೆ.

ಪೆನ್ನು: ವಾಟರ್‌ಪ್ರೂಫ್ ಅಂತ ಬರೆದಿರೋ ಪಿಗ್ಮೆಂಟ್ ಇಂಕಿನ ಪೆನ್ನು ತಗೊಳ್ಳಿ, ಮೊನೆ 0.3 ಇರೋದು ಒಂದು, 0.5 ಇರೋದು ಒಂದು. ಗೆರೆ ಎಳೆದು ಪೂರ್ತಿ ಒಣಗಕ್ಕೆ ಬಿಟ್ಟು ಆಮೇಲೆ ಬಣ್ಣ. ಅದು ಸಿಗದಿದ್ರೆ ಮಾಮೂಲಿ ಬಾಲ್ ಪೆನ್ನೇ ಜೆಲ್ಲಿಗಿಂತ ವಾಸಿ, ಅದರ ಇಂಕಲ್ಲಿ ಎಣ್ಣೆ ಇರೋದ್ರಿಂದ ನೀರಿಗೆ ಅಷ್ಟಾಗಿ ಕದಡಲ್ಲ. ಅರಿಶಿನ ಬೇಡ. ನಾನೂ ಆಸೆಪಟ್ಟು ಹಚ್ಚಿದ್ದೆ. ಕಿಟಕಿ ಪಕ್ಕ ಇಟ್ಟಿದ್ದ ಪುಟದಲ್ಲಿ ಬಿಸಿಲಿಗೆ ಹಳದಿ ಹೋಗಿ ಬರೀ ಗೆರೆ ಉಳೀತು. ಸೋಪಿನ ನೀರು ತಾಗಿದ್ರೆ ಕೆಂಪಾಗುತ್ತೆ ಬೇರೆ. ಬೀಟ್‌ರೂಟೂ ಅಷ್ಟೇ, ದಿನ ಕಳೆದಂತೆ ಕಂದು ತಿರುಗುತ್ತೆ.

ಶಿಡ್ಲಘಟ್ಟ ನೂಲು:

ಹೊಲಿಗೆ ವಿಷಯ ನಾನು ಹೇಳ್ತೀನಿ. ಹನ್ನೊಂದು ವರ್ಷ ಬೈಂಡಿಂಗ್ ಕೆಲಸ ಮಾಡಿದೀನಿ, ಬರೀ ಲೆಕ್ಕದ ಪುಸ್ತಕ, ಹಾಜರಿ ಪುಸ್ತಕ.

12 ಅಡುಗೆಗೆ ಎರಡೆರಡು ಪುಟ ಅಂದ್ರೆ 24. ಹೆಸರು, ಮುನ್ನುಡಿ, ಅಳತೆ, ಖಾಲಿ ಪುಟ ಎಲ್ಲಾ ಸೇರಿ 32 ಇಟ್ಕೊಳ್ಳಿ. 8 ಎ4 ಹಾಳೆ ಮಡಚಿದ್ರೆ ಎ5 ಅಳತೆಯ 32 ಪುಟ, ಅಂದ್ರೆ 148 ಮಿ.ಮೀ. ಅಗಲ, 210 ಉದ್ದ. ಪುಟದ ಲೆಕ್ಕ ಯಾವತ್ತೂ 4ರಿಂದ ಭಾಗ ಹೋಗ್ಬೇಕು. ನಿಮಗೆ ಪುಟ ಹಿಂದುಮುಂದು ಆಗಿದ್ದು ಇಲ್ಲೇ. ಹಾಳೆಯ ಒಂದು ಮಗ್ಗುಲಿಗೆ ಬರೋ ಎರಡು ಪುಟದ ಸಂಖ್ಯೆ ಕೂಡಿದ್ರೆ 33 ಬರ್ಬೇಕು. 1ರ ಜೊತೆ 32, 2ರ ಜೊತೆ 31, ಹೀಗೇ ಒಳಗೆ ಹೋಗ್ತಾ ನಟ್ಟನಡುವೆ 16 ಮತ್ತು 17. ಅಂಗಡಿಗೆ ಹೋಗೋ ಮೊದಲು ರದ್ದಿ ಹಾಳೆ 8 ಮಡಚಿ, ಪುಟಸಂಖ್ಯೆ ಮಾತ್ರ ಬರೆದು, ಬಿಡಿಸಿ ನೋಡಿ. ಅಂಗಡಿಯೋರ ಮುಂದೆ ಆ ಮಾದರೀನೇ ಇಡಿ. ಬಾಯಲ್ಲಿ ಹೇಳೋಕೆ ಹೋಗ್ಬೇಡಿ. ಇನ್ನೊಂದು: 16-17 ಒಂದೇ ಹಾಳೆ, ನಡುವೆ ಸೀಳಿಲ್ಲ. ನಿಮ್ಮ ದೊಡ್ಡ ಚಿತ್ರ ಯಾವುದಿದೆಯೋ ಅದನ್ನ ಅಲ್ಲಿಡಿ.

8 ಪ್ರತಿಯನ್ನೂ ಕೈಯಲ್ಲೇ ಬಣ್ಣ ಹಚ್ಚೋಕೆ ಹೋದ್ರೆ ಸಂಕ್ರಾಂತಿಗೆ ಆಗಲ್ಲ. ಒಂದು ಮೂಲಪ್ರತಿ ದಪ್ಪ ಡ್ರಾಯಿಂಗ್ ಹಾಳೇಲಿ ಬರೀರಿ, ಬಿಡಿ ಹಾಳೇಲಿ, ಒಂದೇ ಮಗ್ಗುಲಿಗೆ. 300 ಡಿಪಿಐಗೆ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋದರ ಅಳತೆ) ಸ್ಕ್ಯಾನ್ ಮಾಡಿಸಿ ಕಲರ್ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದ್ರೆ ಹರಡೋದು ಜಾಸ್ತಿ. ಕಾಗದ 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ), ಹೊಳಪಿಲ್ಲದ್ದು. ಹೊಳೆಯೋ ಆರ್ಟ್ ಪೇಪರ್ ಕೊಡ್ತೀನಿ ಅಂತಾರೆ, ಬೇಡ ಅನ್ನಿ. ಅದರ ಮೇಲೆ ನಿಮ್ಮ ತಂಗಿ ಪೆನ್ಸಿಲ್ಲಲ್ಲಿ ಏನೂ ಬರ್ಕೊಳ್ಳಕ್ಕಾಗಲ್ಲ. ರಕ್ಷಾಪುಟಕ್ಕೆ 250 ಅಥವಾ 300.

ಕಾಗದಕ್ಕೂ ಬಟ್ಟೆ ಥರ ಎಳೆ ಇರುತ್ತೆ. ಹಾಳೇನ ಮಡಿಕೆ ಬೀಳದ ಹಾಗೆ ಎರಡೂ ಕಡೆಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗಿದಾಗ ಮಡಿಕೆ ಗೆರೆ ಯಾವ ದಿಕ್ಕಿಗೆ ಬರುತ್ತೋ ಎಳೆಯೂ ಅದೇ ದಿಕ್ಕು. ಮಡಿಕೆ ಎಳೆಯ ಜೊತೆಗೇ ಹೋಗ್ಬೇಕು. ಅಂಗಡೀಲಿ ಸಿಗೋ ಎ4 ಹಾಳೇಲಿ ಸಾಮಾನ್ಯವಾಗಿ ಎಳೆ ಉದ್ದಕ್ಕಿರುತ್ತೆ, ಅದನ್ನ ಅಡ್ಡ ಮಡಚ್ತೀವಿ. ತೆಳು ಹಾಳೆಗೆ ನಡೆಯುತ್ತೆ, ದಪ್ಪ ರಕ್ಷಾಪುಟ ಮಾತ್ರ ಬಿರುಕು ಬಿಡುತ್ತೆ. ಅದಕ್ಕೆ ರಕ್ಷಾಪುಟಾನ ದೊಡ್ಡ ಹಾಳೆ ತಂದು ಎಳೆ ನೋಡಿ ಕತ್ತರಿಸಿಕೊಳ್ಳಿ. ಮಡಿಕೆ ತೀಡೋಕೆ ಸ್ಟೀಲ್ ಚಮಚದ ಬೆನ್ನು ಸಾಕು.

ಹೊಲಿಗೆಗೆ ಮಡಿಕೆ ಮೇಲೆ ದಬ್ಬಣದಲ್ಲಿ ಮೂರು ತೂತು. ಒಂದು ನಡುವೆ, ಉಳಿದೆರಡು ತುದಿಗಳಿಂದ ಎರಡೆರಡು ಬೆರಳಗಲ ಒಳಗೆ. ಪುಸ್ತಕದುದ್ದದ ಮೂರರಷ್ಟು ನೂಲು. ಒಳಗಿಂದ ನಡುವಿನ ತೂತಲ್ಲಿ ಸೂಜಿ ಹೊರಗೆ, ಹೊರಗಿಂದ ಮೇಲಿನ ತೂತಲ್ಲಿ ಒಳಗೆ, ಒಳಗೇ ನಡುವಿನದನ್ನ ದಾಟಿ ಕೆಳಗಿನ ತೂತಲ್ಲಿ ಹೊರಗೆ, ಕೊನೆಗೆ ನಡುವಿನ ತೂತಲ್ಲಿ ಮತ್ತೆ ಒಳಗೆ. ಈಗ ಎರಡು ಕೊನೆಯೂ ಒಳಗಿರ್ತವೆ. ಉದ್ದ ಹೊಲಿಗೆಯ ಆ ಕಡೆ ಒಂದು, ಈ ಕಡೆ ಒಂದು ಬರೋ ಹಾಗೆ ಎಳೆದು ಅದರ ಮೇಲೆ ಗಂಟು ಹಾಕಿ. ಎಳೆಯುವಾಗ ನೂಲು ಮಡಿಕೆಯ ಉದ್ದಕ್ಕೆ ಎಳೀರಿ, ಹಾಳೆಗೆ ಅಡ್ಡ ಎಳೆದ್ರೆ ತೂತು ಹರಿಯುತ್ತೆ.

ನಮ್ಮೂರಲ್ಲಿ ರೇಷ್ಮೆಗೆ ಬರವಿಲ್ಲ, ಮೊದಮೊದಲು ರೇಷ್ಮೆ ಎಳೇಲೇ ಹೊಲಿದೆ. ಸಣ್ಣ ಎಳೆ, ಗಟ್ಟಿ ಎಳೆ, ಬ್ಲೇಡಿನ ಹಾಗೆ ಮಡಿಕೇನೇ ಕೊಯ್ದುಬಿಡ್ತು. ಮೂರೆಳೆ ಹುರಿ ಮಾಡಿದ ದಪ್ಪ ಹತ್ತಿ ನೂಲು ತಗೊಂಡು ಜೇನುಮೇಣ ಸವರಿ, ಮೇಣದಬತ್ತಿಯೂ ಆಗುತ್ತೆ. ಅಂಟು ಬೇಕಾಗೇ ಇಲ್ಲ. ಲೆಕ್ಕದ ಪುಸ್ತಕಕ್ಕೆ ಮೈದಾ ಗೋಂದಿಗೆ ಮೈಲುತುತ್ತ ಹಾಕ್ತೀವಿ, ಹುಳ ಬರಬಾರದು ಅಂತ. ಅದು ವಿಷ. ಅಡುಗೆಮನೆ ಪುಸ್ತಕಕ್ಕೆ ಅದನ್ನ ಮುಟ್ಟಲೇಬೇಡಿ.

ಸ್ಪೈರಲ್ ಅಂದ್ರಲ್ಲ ಒಬ್ಬರು, ಅದೂ ಒಳ್ಳೇದೇ. ಆದ್ರೆ ಒಂದೇ ಕಂತೆಯ ಹೊಲಿಗೆ ಪುಸ್ತಕಾನೂ ನಾಲ್ಕು ಸಲ ಬಿಚ್ಚಿ ಅದುಮಿದ್ರೆ ಹಾಗೇ ಮಲಗುತ್ತೆ.

ಮುಳಬಾಗಿಲು ಹುಣಸೇಮರ:

ಅಳತೆ ಬಗ್ಗೆ ಒಂದೇ ಮಾತು. ಅವ್ವ ಉಪ್ಪು ಹಾಕೋಕೆ ಕೈ ಎತ್ತಿದಾಗ ಪಾತ್ರೆಗೆ ಅಡ್ಡ ಒಂದು ಬಟ್ಟಲು ಹಿಡೀರಿ. ಬಿದ್ದಿದ್ದನ್ನ ತೂಗಿ, ಬರ್ಕೊಂಡು, ಆಮೇಲೆ ಪಾತ್ರೆಗೆ ಹಾಕಿ. ಮೂರು ದಿನ ಹೀಗೆ ಮಾಡಿದ್ರೆ ಅವರ ಒಂದೀಟು ಎಷ್ಟು ಅಂತ ಗೊತ್ತಾಗುತ್ತೆ. ಪಾವು, ಚಟಾಕು ಅಂತ ಅವರು ಹೇಳಿದ್ರೆ ಅವರ ಮನೆಯ ಪಾವೇ ತೂಗಿ ನೋಡಿ, ಒಂದೊಂದು ಮನೇಲಿ ಒಂದೊಂದು ಥರ ಇರುತ್ತೆ. ನಮ್ಮನೇದರಲ್ಲಿ ಅಕ್ಕಿ ತುಂಬಿ ತಲೆ ಸವರಿದ್ರೆ 210 ಗ್ರಾಂ ಬಂತು. ಗ್ರಾಂ ಬರೀರಿ, ಆದ್ರೆ ಅವರ ಮಾತು ಅಳಿಸ್ಬೇಡಿ. "ಹಸಿ ವಾಸನೆ ಹೋಗೋವರೆಗೆ" ಅನ್ನೋದು ನಿಮಿಷದ ಲೆಕ್ಕಕ್ಕಿಂತ ಸರಿಯಾಗಿರುತ್ತೆ, ಒಲೆ ಒಲೆಗೂ ಉರಿ ಬೇರೆ.

ಒಂದು ಪುಟದಲ್ಲಿ ಅವ್ವನ ಕೈಯನ್ನೇ ಇಟ್ಟು ಸುತ್ತ ಗೆರೆ ಎಳೀರಿ. ಹಿಡಿ ಅಂದ್ರೆ ಯಾರ ಹಿಡಿ ಅಂತ ಆಮೇಲೆ ಯಾರೂ ಕೇಳ್ಬೇಕಾಗಿಲ್ಲ. ಪ್ರಿಂಟ್ ತೆಗೆಸುವಾಗ ಮಾತ್ರ ನೂರಕ್ಕೆ ನೂರು ಅಳತೇಲಿ ತೆಗೀರಿ ಅಂತ ಹೇಳಿ, ಪುಟಕ್ಕೆ ಹೊಂದಿಸೋಕೆ ಕುಗ್ಗಿಸಿಬಿಟ್ರೆ ಹೋಯ್ತು.

ಮಧುಗಿರಿ ಮಗಳು:

ಎಲ್ಲರಿಗೂ ಕೈ ಮುಗೀತೀನಿ. ಮೂರು ಭಾನುವಾರ ಊರಿಗೆ ಹೋಗಿ ಬಂದೆ, ಎಲ್ಲಿವರೆಗೆ ಬಂತು ಅಂತ ಹೇಳ್ತೀನಿ.

ಕೈ ಬರೆದಾಯ್ತು. ಅವ್ವ ಮೊದಲು "ನನ್ ಕೈಯಾಗೇನೈತೆ, ಬರೀ ಗೆರೆ" ಅಂತ ಸೆರಗಲ್ಲಿ ಮುಚ್ಕೊಂಡ್ಳು. ಆಮೇಲೆ ತೊಳ್ಕೊಂಡು ಬಂದು ಹಾಳೆ ಮೇಲಿಟ್ಟಳು. ಬಲಗೈ ಕಿರುಬೆರಳು ಒಳಕ್ಕೆ ಬಾಗಿದೆ, ರಾಗಿ ಕೊಯ್ಯುವಾಗ ಕುಡುಗೋಲು ತಾಗಿದ್ದು, ನಾನಿನ್ನೂ ಹುಟ್ಟಿರಲಿಲ್ಲ. ಅದರ ಸುತ್ತ ಪೆನ್ಸಿಲ್ ತಿರುಗಿಸುವಾಗ ಆ ಬೆರಳನ್ನ ಇಷ್ಟು ಹತ್ರದಿಂದ ನಾನು ಯಾವತ್ತೂ ನೋಡಿರಲಿಲ್ಲ ಅನ್ನಿಸ್ತು. 16-17ನೇ ಪುಟದಲ್ಲಿ ಎಡಗಡೆ ಎಡಗೈ, ಬಲಗಡೆ ಬಲಗೈ ಇಟ್ಟಿದ್ದೀನಿ. ನನ್ನ ಕೈ ಅದರ ಮೇಲಿಟ್ಟು ನೋಡಿದೆ, ಅವಳ ಅಂಗೈ ನನ್ನದಕ್ಕಿಂತ ಒಂದು ಬೆರಳಗಲ ಜಾಸ್ತಿ. ಇಷ್ಟು ವರ್ಷ ನನ್ನ ಹುರುಳಿಸಾರು ಯಾಕೆ ನೀರುನೀರಾಗ್ತಿತ್ತು ಅಂತ ಈಗ ಗೊತ್ತಾಯ್ತು, ನಾನು ಹಾಕ್ತಿದ್ದಿದ್ದು ನನ್ನ ಹಿಡಿ.

ಬಟ್ಟಲು ಅಡ್ಡ ಹಿಡಿಯೋದೂ ಮಾಡಿದೆ. ಉಪ್ಪು ಮೂರು ಸಲ ತೂಗಿದಾಗ 11, 12, 11 ಗ್ರಾಂ ಬಂತು. ಮೂರು ದಿನವೂ ಅವಳು ಕೈ ಕಡೆ ನೋಡೇ ಇರಲಿಲ್ಲ.

ಹಿಟ್ಟಿನ ಚಿತ್ರ ತೋರಿಸಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ "ಕೋಲು ಹಿಂಗೆ ಹಿಡಿಯಾಕಿಲ್ಲ ಕಣೆ, ಎಡಗೈ ಕೆಳಗಿರ್ಬೇಕು, ಇಲ್ದಿದ್ರೆ ಗಂಟಾಯ್ತದೆ" ಅಂದ್ಲು. ಎದ್ದು ಹೋಗಿ ಕೋಲು ತಂದು ಖಾಲಿ ಪಾತ್ರೇಲೇ ತೊಳಸಿ ತೋರಿಸಿದ್ಲು. ಆ ಪುಟ ಮತ್ತೆ ಬರೆದೆ. ನಾನು 40 ವರ್ಷ ನೋಡ್ತಿದ್ರೂ ಯಾವ ಕೈ ಮೇಲೆ ಯಾವ ಕೈ ಕೆಳಗೆ ಅಂತ ಗಮನಿಸಿರಲಿಲ್ಲ. ಅದಾದ್ಮೇಲೆ ಪ್ರತಿ ಚಿತ್ರಾನೂ ಮೊದಲು ಅವಳಿಗೆ ತೋರಿಸಿಯೇ ಇಂಕ್ ಹಾಕ್ತಿದ್ದೀನಿ.

ಅಡುಗೆಯ ಹೆಸರುಗಳನ್ನ ಅವ್ವನ ಕೈಲೇ ಬರೆಸಿದೆ. ನಾಲ್ಕನೇ ಕ್ಲಾಸಿಗೆ ಬಿಟ್ಟೋಳು, ರೇಷನ್ ಕಾರ್ಡಿಗೆ ಸಹಿ ಬಿಟ್ರೆ ಬರೆದಿದ್ದೇ ಇಲ್ಲ. "ಹುಚ್ಚೆಳ್ಳು" ಬರೆಯೋಕೆ ಮೂರು ಹಾಳೆ ಬೇಕಾಯ್ತು, ಒತ್ತಕ್ಷರ ಎರಡೂ ಬಿಟ್ಟುಹೋಗ್ತಿದ್ವು. ಕೊನೆಗೆ ಸರಿಯಾಗಿ ಬಂದಾಗ ಅವಳೇ ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು. ಮೊದಲ ಎರಡು ಹಾಳೇನೂ ನಾನು ಬಿಸಾಡಿಲ್ಲ.

ರಕ್ಷಾಪುಟದ ಒಳಮಗ್ಗುಲಿಗೆ ಹಿತ್ತಲ ಬಾಗಿಲಿಂದ ಕಾಣೋ ಮಧುಗಿರಿ ಬೆಟ್ಟ ಬರೆದಿದ್ದೀನಿ, ಒಂದೇ ಕಲ್ಲು, ಬರೆಯೋಕೂ ಸುಲಭ. ಹೊಲಿಗೆ ರದ್ದಿ ಹಾಳೇಲಿ ಮೂರು ಸಲ ಅಭ್ಯಾಸ ಮಾಡಿದೆ, ಮೂರನೇದು ಗಟ್ಟಿ ಬಂತು. ಅಂಗಡಿಗೆ ಈ ಸಲ ಮಾದರಿ ಜೊತೇಲೇ ಹೋಗ್ತೀನಿ.

ಒಂದೇ ಒಂದು ಉಳಿದಿದೆ. ಹುಚ್ಚೆಳ್ಳು ಬರೆದ್ರೆ ಬರೀ ಕಪ್ಪು ಚುಕ್ಕೆ ಆಗುತ್ತೆ, ಸಾಸಿವೇನೋ ಹುಚ್ಚೆಳ್ಳೋ ಗೊತ್ತಾಗಲ್ಲ. ಅದರ ಹೊಳಪು ಹೇಗೆ ತರೋದು?

ಚಿಂತಾಮಣಿ ಬೆರಕೆಸೊಪ್ಪು:

ಐದಾರು ಕಾಳು ಮಾತ್ರ ದೊಡ್ಡದಾಗಿ ಬರೀರಿ, ಉಳಿದಿದ್ದು ದೂರದಲ್ಲಿ ರಾಶಿಯಾಗಿರಲಿ. ಸಾಸಿವೆ ಗುಂಡಗೆ, ಹುಚ್ಚೆಳ್ಳು ಸಣ್ಣಗೆ ಉದ್ದ, ಒಂದು ತುದಿ ಚೂಪು. ಕಪ್ಪು ತುಂಬುವಾಗ ಕಾಳಿನ ಬೆನ್ನ ಮೇಲೆ ಉದ್ದಕ್ಕೆ ಕೂದಲೆಳೆಯಷ್ಟು ಕಾಗದ ಹಾಗೇ ಬಿಳಿಯಾಗಿ ಬಿಡಿ, ಬಣ್ಣ ಮುಟ್ಟಿಸ್ಬೇಡಿ. ಅದೇ ಹೊಳಪು. ಮೊದಲು ಬೇರೆ ಹಾಳೇಲಿ ಹತ್ತು ಕಾಳು ಬರೆದು ನೋಡಿ, ಅವ್ವನಿಗೂ ತೋರಿಸಿ.